ಅವಧಿ ಮುಗಿದ ಜಾಲತಾಣದ ಹೆಸರನ್ನು ಮರಳಿ ಪಡೆಯುವ ಬಗೆ

ಈಚಿನ ವರ್ಷಗಳಲ್ಲಿ ನಮ್ಮ ಭಾಗದ ಸಹಕಾರಿ ಸಂಘಗಳಿಗೂ, ಕೆಲವು ಬೆಳೆಗಾರ ಕುಟುಂಬಗಳಿಗೂ ಸ್ವಂತ ಜಾಲತಾಣವಿರುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಚಾಲಿಯ ಧಾರಣೆ ತಿಳಿಸುವುದಕ್ಕೆ, ಕಾಳುಮೆಣಸು, ಮುರುಗಲು, ತೋಟದ ಕಾಫಿಪುಡಿಗಳನ್ನು ದೂರದೂರಿನವರಿಗೆ ಮಾರುವುದಕ್ಕೆ, ಹೋಂಸ್ಟೇ ನಡೆಸುವುದಕ್ಕೆ ಅದು ನೆರವಾಗುತ್ತಿದೆ. ಆದರೆ ಜಾಲತಾಣದ ಹೆಸರು, ಅಂದರೆ ಡೊಮೈನ್, ಒಮ್ಮೆ ಹಣ ಕೊಟ್ಟರೆ ಶಾಶ್ವತವಾಗಿ ನಮ್ಮದಾಗುವ ಸ್ವತ್ತಲ್ಲ ಎಂಬುದು ಅನೇಕರಿಗೆ ತಿಳಿಯುವುದು ಅದು ಕೈತಪ್ಪಿದ ದಿನ. ಅಂಥ ಹೆಸರನ್ನು ಮರಳಿ ಪಡೆಯುವ ದಾರಿ ಯಾವುದು, ಅದು ಎಷ್ಟು ದಿನ ತೆರೆದಿರುತ್ತದೆ ಎಂಬುದನ್ನು ಸದಸ್ಯ ಬಾಂಧವರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಹೆಸರಿನ ಮೇಲಿನ ಹಕ್ಕು ಯಾವ ಬಗೆಯದು?

ನಮ್ಮ ಜಿಲ್ಲೆಯ ಹಿರಿಯರಿಗೆ ಮೂಲಗೇಣಿ ಮತ್ತು ಚಾಲಗೇಣಿಗಳ ಭೇದವನ್ನು ಹೇಳಿಕೊಡಬೇಕಾಗಿಲ್ಲ. ಮೂಲಗೇಣಿಯವನ ಹಕ್ಕು ಕಾಯಂ. ಚಾಲಗೇಣಿಯವನದು ಕರಾರಿನ ಅವಧಿ ಇರುವಷ್ಟು ದಿನ ಮಾತ್ರ. ಡೊಮೈನ್ ಹೆಸರು ಚಾಲಗೇಣಿಯ ಜಾತಿಗೆ ಸೇರಿದ್ದು. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಅದನ್ನು ಹಿಡಿಯಬಹುದು, ಅವಧಿ ಮುಗಿಯುವ ಮೊದಲು ನವೀಕರಿಸುತ್ತ ಹೋಗಬಹುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರನು ನಮೂನೆ 7ನ್ನು ತುಂಬಿ ನ್ಯಾಯಮಂಡಳಿಯ ಮುಂದೆ ಉಳುಮೆಯ ಆಧಾರದಿಂದ ಹಕ್ಕು ಕೇಳಬಹುದಾಗಿತ್ತು. ಇಲ್ಲಿ ಅಂಥ ಕಾನೂನಿಲ್ಲ. ಇಪ್ಪತ್ತು ವರ್ಷ ಬಳಸಿದ ಹೆಸರಾದರೂ ತಾರೀಖು ಮೀರಿದರೆ, ಬಳಸಿದ್ದೇವೆ ಎಂಬ ಒಂದೇ ಕಾರಣದಿಂದ ಅದು ನಮಗೆ ಉಳಿಯುವುದಿಲ್ಲ.

ಈ ವ್ಯವಸ್ಥೆಯಲ್ಲಿ ಮೂರು ಮಟ್ಟಗಳಿವೆ. ಲೋಕಕ್ಕೆಲ್ಲ ಅನ್ವಯಿಸುವ ನಿಯಮ ಮಾಡುವುದು 1998ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಐಕಾನ್ ಸಂಸ್ಥೆ. ಡಾಟ್ ಕಾಮ್, ಡಾಟ್ ಇನ್ ಮುಂತಾದ ಒಂದೊಂದು ಬಾಲಕ್ಕೂ ಒಂದೊಂದು ಮೂಲ ದಫ್ತರ ಇರುತ್ತದೆ. ನಮ್ಮ ದೇಶದ ಡಾಟ್ ಇನ್ ಹೆಸರುಗಳ ದಫ್ತರ 2005ರಿಂದ ನಿಕ್ಸಿ, ಅಂದರೆ ಭಾರತೀಯ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಕೇಂದ್ರದ ವಶದಲ್ಲಿದೆ. ಮೂರನೆಯದು, ನಮ್ಮಿಂದ ಹಣ ಪಡೆದು ಹೆಸರು ಬರೆಸಿಕೊಡುವ ರಿಜಿಸ್ಟ್ರಾರ್ ಕಂಪನಿಗಳು. ರಿಜಿಸ್ಟ್ರಾರ್ ಎಂದೊಡನೆ ನಮಗೆ ಸಹಕಾರ ಇಲಾಖೆಯ ನಿಬಂಧಕರು ನೆನಪಾಗುವುದು ಸಹಜ. ಇವರು ಆ ಅಧಿಕಾರಿಗಳಲ್ಲ, ಕೇವಲ ವ್ಯಾಪಾರಿಗಳು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಜಾಲತಾಣದ ಪುಟಗಳನ್ನು ಇಡುವ ಜಾಗದ ಬಾಡಿಗೆ ಬೇರೆ, ಹೆಸರಿನ ಶುಲ್ಕ ಬೇರೆ. ಒಂದು ಮನೆ, ಇನ್ನೊಂದು ಅದರ ವಿಳಾಸ. ಜಾಗದ ಬಾಡಿಗೆ ಕಟ್ಟಿದ ರಸೀದಿ ದಫ್ತರದಲ್ಲಿದ್ದ ಮಾತ್ರಕ್ಕೆ ಹೆಸರಿನ ಹಣವೂ ಸಂದಿದೆ ಎಂದು ತಿಳಿಯಬಾರದು.

ಅವಧಿ ಮೀರುವುದು ಹೇಗೆ?

ಹಣದ ಕೊರತೆಯಿಂದ ಹೆಸರು ಹೋಗುವುದು ಕಡಿಮೆ. ಐಕಾನ್‌ನ ನಿಯಮದಂತೆ ರಿಜಿಸ್ಟ್ರಾರನು ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಇನ್ನೊಮ್ಮೆ, ಮುಗಿದ ಮೇಲೂ ನವೀಕರಣವಾಗದಿದ್ದರೆ ಐದು ದಿನಗಳೊಳಗೆ ಮತ್ತೊಮ್ಮೆ ಸೂಚನೆ ಕಳಿಸತಕ್ಕದ್ದು. ಆದರೆ ಆ ಸೂಚನೆ ಹೋಗುವುದು ದಾಖಲೆಯಲ್ಲಿರುವ ಇ-ಮೇಲ್ ವಿಳಾಸಕ್ಕೆ. ಅದು ಆರು ವರ್ಷದ ಹಿಂದೆ ಜಾಲತಾಣ ಮಾಡಿಕೊಟ್ಟ ಹುಡುಗನದೋ, ನಿವೃತ್ತರಾದ ಗುಮಾಸ್ತರದೋ ಆಗಿದ್ದರೆ ಸಂಘಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಎರಡನೆಯ ಕಾರಣ, ತಾನಾಗಿ ಹಣ ಕಡಿತವಾಗುತ್ತದೆ ಎಂಬ ನಂಬಿಕೆ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡಿನಿಂದ ಕಾಲಕಾಲಕ್ಕೆ ಹಣ ಕಡಿತವಾಗಬೇಕಾದರೆ ಗ್ರಾಹಕನು ಮೊದಲೇ ನೋಂದಾಯಿತ ಒಪ್ಪಿಗೆ ಕೊಟ್ಟಿರಬೇಕು; ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕೊಡಬೇಕು. ಈ ಒಪ್ಪಿಗೆ ಇಲ್ಲದ ಹಳೆಯ ಏರ್ಪಾಡುಗಳು ಅಂದಿನಿಂದ ನಡೆಯುವುದಿಲ್ಲ. ಕಾರ್ಡಿನ ಅವಧಿ ಮುಗಿದಿದ್ದರೂ ಫಲ ಅದೇ.

ದೊಡ್ಡವರೂ ಇದಕ್ಕೆ ಹೊರತಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಹೆಸರಿನ ಶುಲ್ಕ ಸಲ್ಲದೆ, ಹಾಟ್‌ಮೇಲ್ ಬಳಕೆದಾರರು ತಮ್ಮ ಪತ್ರಗಳನ್ನು ತೆರೆಯಲಾರದೆ ಹೋದರು. ಮೈಕೆಲ್ ಚೇನಿ ಎಂಬ ಅಮೆರಿಕದ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ಕಟ್ಟಿ ಅದನ್ನು ಸರಿಪಡಿಸಿದ. ಹಣ ಕಟ್ಟಿದವನು ಸಜ್ಜನನಾಗಿದ್ದ. ಎಲ್ಲರಿಗೂ ಅಂಥವರೇ ಸಿಗುತ್ತಾರೆಂದು ನೆಚ್ಚಿ ಕುಳಿತಿರುವಂತಿಲ್ಲ.

ಮುಗಿದ ಮೇಲಿನ ಮೂರು ಹಂತಗಳು

ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಹೆಸರುಗಳಲ್ಲಿ ಅವಧಿ ಮುಗಿದ ದಿನವೇ ಎಲ್ಲವೂ ಮುಗಿಯುವುದಿಲ್ಲ. ಮೊದಲನೆಯದು ರಿಯಾಯಿತಿಯ ಅವಧಿ. ಇದು ಹೆಚ್ಚೆಂದರೆ 45 ದಿನ. ಎಷ್ಟು ದಿನ ಎಂಬುದು ರಿಜಿಸ್ಟ್ರಾರನ ಕರಾರನ್ನು ಅವಲಂಬಿಸಿದೆ. ಈ ಅವಧಿಯಲ್ಲಿ ಸಾಮಾನ್ಯ ಶುಲ್ಕದಲ್ಲಿಯೋ, ಅಲ್ಪ ದಂಡದೊಡನೆಯೋ ನವೀಕರಣ ಸಾಧ್ಯ. ಜಾಲತಾಣ ನಿಂತುಹೋಗಿ ರಿಜಿಸ್ಟ್ರಾರನ ಜಾಹೀರಾತಿನ ಪುಟ ಕಾಣತೊಡಗುವುದು ಈಗಲೇ. ಇ-ಮೇಲ್ ಕೂಡ ನಿಲ್ಲುತ್ತದೆ.

ಎರಡನೆಯದು ವಿಮೋಚನೆಯ ಅವಧಿ. ಆನ್‌ಲೈನ್ ದಾಖಲೆಯಲ್ಲಿ ಇದನ್ನು ರಿಡೆಂಪ್ಷನ್ ಪೀರಿಯಡ್ ಎಂದು ತೋರಿಸುತ್ತಾರೆ. ಇದು 30 ದಿನ. ಅಡವಿಟ್ಟ ಬಂಗಾರವನ್ನು ಬಡ್ಡಿ, ದಂಡ ಸಹಿತ ಬಿಡಿಸಿಕೊಂಡಂತೆ, ಇಲ್ಲಿ ವರ್ಷದ ಶುಲ್ಕದ ಮೇಲೆ ಅದರ ಹಲವು ಪಟ್ಟು ಮರುಸ್ಥಾಪನೆಯ ಶುಲ್ಕ ತೆರಬೇಕು. ಆದರೂ ಹೆಸರು ಕೇಳುವ ಹಕ್ಕು ಮೊದಲಿನ ಹಿಡುವಳಿದಾರನಿಗೆ ಮಾತ್ರ ಇದೆ. ಹಣದ ಮುಖ ನೋಡಿ ಹಿಂಜರಿಯುವ ಹೊತ್ತು ಇದಲ್ಲ.

ಮೂರನೆಯದು ಪೆಂಡಿಂಗ್ ಡಿಲೀಟ್ ಎಂಬ 5 ದಿನ. ಈಗ ಯಾರು ಏನು ಮಾಡಿದರೂ ನವೀಕರಣವಿಲ್ಲ. ಐದು ದಿನ ಕಳೆದ ಮೇಲೆ ಹೆಸರು ಬಯಲಿಗೆ ಬೀಳುತ್ತದೆ, ಮೊದಲು ಕೇಳಿದವರದು. ಬೆಲೆಯುಳ್ಳ ಹೆಸರಾದರೆ ಇದನ್ನೇ ಕಸುಬು ಮಾಡಿಕೊಂಡ ಕಂಪನಿಗಳ ಯಂತ್ರಗಳು ಸೆಕೆಂಡುಗಳಲ್ಲಿ ಹಿಡಿದುಬಿಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ. 45ಕ್ಕೆ 30 ಕೂಡಿಸಿ 75 ದಿನಗಳ ಮುದ್ದತು ಇದೆ ಎಂದು ಯಾರೂ ಸುಮ್ಮನಿರಬಾರದು. ಅನೇಕ ರಿಜಿಸ್ಟ್ರಾರರು ರಿಯಾಯಿತಿಯ ಅವಧಿಯಲ್ಲಿಯೇ ಹೆಸರನ್ನು ಹರಾಜಿಗಿಟ್ಟು, ಗೆದ್ದವನಿಗೆ ನೇರವಾಗಿ ವರ್ಗಾಯಿಸುತ್ತಾರೆ. ಆಗ ವಿಮೋಚನೆಯ ಹಂತವೇ ಬರುವುದಿಲ್ಲ. ಡಾಟ್ ಇನ್ ಹೆಸರುಗಳಿಗೂ ಸ್ಥೂಲವಾಗಿ ಇದೇ ಕ್ರಮವಿದ್ದರೂ ದಿನಗಳ ಲೆಕ್ಕವನ್ನು ನಿಮ್ಮ ರಿಜಿಸ್ಟ್ರಾರನ ಕರಾರಿನಲ್ಲಿಯೇ ಓದಿ ಖಚಿತಪಡಿಸಿಕೊಳ್ಳಬೇಕು.

ಮೊದಲ ದಿನ ಮಾಡಬೇಕಾದ ಕೆಲಸ

ಜಾಲತಾಣ ತೆರೆಯುವುದಿಲ್ಲ ಎಂದು ತಿಳಿದೊಡನೆ ಹೆಸರಿನ ದಾಖಲೆಯನ್ನು ತೆಗೆದು ನೋಡಬೇಕು. ಡಾಟ್ ಕಾಮ್ ಮುಂತಾದವಕ್ಕೆ ಐಕಾನ್‌ನ ಹುಡುಕುಪುಟವೂ, ಡಾಟ್ ಇನ್‌ಗೆ ದೇಶದ ದಫ್ತರದ ಹುಡುಕುಪುಟವೂ ಇವೆ, ಯಾವುದಕ್ಕೂ ಶುಲ್ಕವಿಲ್ಲ. ಇದು ನಾವು ಪಹಣಿ ತೆಗೆದು ನೋಡಿದಂತೆಯೇ. ರಿಜಿಸ್ಟ್ರಾರ್ ಯಾರು, ಅವಧಿ ಮುಗಿಯುವ ತಾರೀಖು ಯಾವುದು, ಹೆಸರು ಈಗ ಯಾವ ಹಂತದಲ್ಲಿದೆ ಎಂಬ ಮೂರು ಸಂಗತಿಗಳನ್ನು ಬರೆದುಕೊಳ್ಳಿ. ಒಂದು ಮಾತು ನೆನಪಿರಲಿ: ರಿಯಾಯಿತಿಯ ಅವಧಿಯಲ್ಲಿ ದಾಖಲೆಯು ಮುಂದಿನ ವರ್ಷದ ತಾರೀಖನ್ನು ತೋರಿಸುವುದುಂಟು. ಅದು ಮೂಲ ದಫ್ತರದಲ್ಲಿ ತಾತ್ಕಾಲಿಕವಾಗಿ ಮುಂದುವರಿಸಿದ ತಾರೀಖು. ಹಣ ಸಂದಿದೆ ಎಂಬುದಕ್ಕೆ ಅದು ಪುರಾವೆಯಲ್ಲ.

ಬಳಿಕ ರಿಜಿಸ್ಟ್ರಾರನ ಖಾತೆಯನ್ನು ತೆರೆದು ಅಂದೇ ಹಣ ಕಟ್ಟಬೇಕು. ಗುಪ್ತಪದ ಮರೆತಿದ್ದರೆ ಹೊಸದನ್ನು ಪಡೆಯುವ ಪತ್ರ ನೋಂದಾಯಿತ ಇ-ಮೇಲಿಗೆ ಬರುತ್ತದೆ. ಆ ಇ-ಮೇಲ್ ಇದೇ ಜಾಲತಾಣದ ಹೆಸರಿನಲ್ಲಿದ್ದರೆ ಪತ್ರ ಬರುವುದೇ ಇಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾಗುತ್ತದೆ. ಆಗ ರಿಜಿಸ್ಟ್ರಾರನ ಗ್ರಾಹಕ ವಿಭಾಗಕ್ಕೆ ಸಂಘದ ನೋಂದಣಿ ಪ್ರಮಾಣಪತ್ರ, ಪ್ಯಾನ್, ಆಡಳಿತ ಮಂಡಳಿಯ ಠರಾವಿನ ಪ್ರತಿ, ಹಿಂದಿನ ರಸೀದಿಗಳನ್ನು ಕಳಿಸಿ ಹಕ್ಕು ಸ್ಥಾಪಿಸಬೇಕಾಗುತ್ತದೆ. ಇದಕ್ಕೆ ದಿನಗಳು ಹಿಡಿಯುವುದರಿಂದ ದೂರವಾಣಿಯಲ್ಲಿಯೂ ಬೆನ್ನು ಹತ್ತಬೇಕು.

ದಾಖಲೆಯಲ್ಲಿ ಹಿಡುವಳಿದಾರನೆಂದು ಜಾಲತಾಣ ಮಾಡಿಕೊಟ್ಟವನ ಹೆಸರೇ ಇದ್ದರೆ, ನಿಯಮದ ಕಣ್ಣಿನಲ್ಲಿ ಅವನೇ ಹಕ್ಕುದಾರ. ಜಗಳಕ್ಕೆ ಹೋಗದೆ, ಅವನಿಂದಲೇ ಮೊದಲು ನವೀಕರಣ ಮಾಡಿಸಿ, ಆಮೇಲೆ ಸಂಘದ ಹೆಸರಿಗೆ ಬರೆಸಿಕೊಳ್ಳುವುದು ಲೇಸು.

ಹಣ ಸಂದ ಮೇಲೆ ಜಾಲತಾಣ ಮತ್ತೆ ಕಾಣಲು ಕೆಲವು ಗಂಟೆಗಳಿಂದ ಎರಡು ದಿನ ಬೇಕಾಗಬಹುದು. ಇ-ಮೇಲ್ ಬರುತ್ತಿದೆಯೇ ಎಂಬುದನ್ನೂ ಪ್ರತ್ಯೇಕವಾಗಿ ಪರೀಕ್ಷಿಸತಕ್ಕದ್ದು.

ಹೆಸರು ಪರರ ಪಾಲಾದರೆ

ನಿಜವಾದ ಅಪಾಯವಿರುವುದು ಇಲ್ಲಿ. ಹೆಸರು ಕೊಂಡವನು ಅಲ್ಲಿ ಜೂಜಿನ ಜಾಹೀರಾತು ಹಾಕಿದರೆ ಸಂಘಕ್ಕೆ ಮುಜುಗರ ಮಾತ್ರ. ಆದರೆ ಆ ಹೆಸರಿನ ಇ-ಮೇಲ್ ವಿಳಾಸಗಳೂ ಅವನ ಕೈ ಸೇರುತ್ತವೆ. ವ್ಯಾಪಾರಿಗಳು ಕಳಿಸುವ ಲೆಕ್ಕ, ಬ್ಯಾಂಕಿನ ಪತ್ರ, ತೆರಿಗೆಯ ಸೂಚನೆಗಳು ಅವನಿಗೆ ತಲುಪಬಹುದು. ಹಳೆಯ ಪುಟವನ್ನೇ ನಕಲು ಮಾಡಿ, ಹಣ ತುಂಬಲು ತನ್ನ ಖಾತೆಯನ್ನು ತೋರಿಸಬಹುದು. ಅಡಿಕೆ ಚೀಲದ ಮೇಲೆ, ಬಿಲ್ಲಿನ ಮೇಲೆ ಅಚ್ಚಾದ ವಿಳಾಸವನ್ನು ನಂಬಿ ಹೋಗುವ ಸದಸ್ಯನು ಮೋಸಹೋದಾನು. ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ಪ್ರತ್ಯೇಕ ಬಾಲಕ್ಕೆ ಬರಬೇಕೆಂದು ವಿಧಿಸಿದ್ದು ಇಂಥ ವಂಚನೆಗಳನ್ನು ತಡೆಯುವುದಕ್ಕಾಗಿಯೇ. ಬ್ಯಾಂಕುಗಳಲ್ಲದ ನಮ್ಮ ಸಂಘಗಳಿಗೆ ಆ ಆಸರೆಯಿಲ್ಲ.

ಆದ್ದರಿಂದ ಹೆಸರು ಹೋಯಿತೆಂದು ಖಚಿತವಾದ ದಿನವೇ ಸೂಚನಾಫಲಕದಲ್ಲಿಯೂ ವಾಟ್ಸಾಪ್‌ನಲ್ಲಿಯೂ ಸದಸ್ಯರಿಗೆ ತಿಳಿಸಿ, ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ ದಾಖಲೆಗಳಲ್ಲಿ ಇ-ಮೇಲ್ ವಿಳಾಸ ಬದಲಿಸಬೇಕು.

ಮರಳಿ ಪಡೆಯಲು ಆಗ ಉಳಿಯುವ ದಾರಿ ಎರಡು. ಒಂದು, ಕೊಂಡವನಿಂದ ಬೆಲೆ ಕೊಟ್ಟು ಕೊಳ್ಳುವುದು. ಅವಸರ ತೋರಿಸಿದರೆ ಬೆಲೆ ಏರುತ್ತದೆ. ಹಣವನ್ನು ನೇರವಾಗಿ ಕಳಿಸದೆ ಎರಡೂ ಕಡೆಗೆ ಹೊಣೆಯಾದ ಮಧ್ಯಸ್ಥ ಸೇವೆಯ ಮೂಲಕವೇ ಕೊಡಬೇಕು. ಎರಡನೆಯದು ವಿವಾದ ಹೂಡುವುದು. ಡಾಟ್ ಕಾಮ್‌ಗೆ 1999ರಲ್ಲಿ ಐಕಾನ್ ರೂಪಿಸಿದ ವಿವಾದ ನೀತಿ ಇದೆ. ಡಾಟ್ ಇನ್‌ಗೆ ನಿಕ್ಸಿಯ ನೀತಿ ಇದೆ. ಹೆಸರು ನಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಿತವಿಲ್ಲ, ಅವನ ಉದ್ದೇಶ ಕೆಟ್ಟದ್ದು ಎಂಬ ಮೂರನ್ನೂ ನಾವೇ ಸಿದ್ಧಪಡಿಸಬೇಕು. ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯಲ್ಲಿ ಒಂದು ಹೆಸರಿನ ಬಗ್ಗೆ ಒಬ್ಬ ಪಂಚರ ಮುಂದೆ ದೂರು ಹೂಡಲು ಶುಲ್ಕವೇ 1500 ಡಾಲರ್. ಅಡಿಕೆ, ಕಾಫಿ, ಊರಿನ ಹೆಸರುಗಳಂಥ ಸಾರ್ವಜನಿಕ ಪದಗಳಿಂದಾದ ಹೆಸರಾದರೆ ಗೆಲ್ಲುವುದು ಕಷ್ಟ.

ನ್ಯಾಯಾಲಯದ ದಾರಿಯೂ ಮುಚ್ಚಿಲ್ಲ. ಈ ವಿಷಯದಲ್ಲಿ ದೇಶಕ್ಕೆಲ್ಲ ಆಧಾರವಾದ ತೀರ್ಪು ನಮ್ಮ ರಾಜ್ಯದಲ್ಲಿ ಹುಟ್ಟಿದ ದಾವೆಯದು. ಸತ್ಯಂ ಇನ್ಫೋವೇ ಕಂಪನಿಯು ತನ್ನ ಸಿಫಿ ಎಂಬ ಹೆಸರನ್ನು ಹೋಲುವ ಡೊಮೈನ್ ಬಳಸುತ್ತಿದ್ದ ಸಿಫಿನೆಟ್ ಸೊಲ್ಯೂಷನ್ಸ್ ವಿರುದ್ಧ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಪಡೆಯಿತು. ಹೈಕೋರ್ಟು ಅದನ್ನು ರದ್ದುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಕೆಳಗಿನ ನ್ಯಾಯಾಲಯದ ಆಜ್ಞೆಯನ್ನೇ ಎತ್ತಿಹಿಡಿದು, ಡೊಮೈನ್ ಹೆಸರಿಗೂ ವ್ಯಾಪಾರದ ಹೆಸರಿನಂತೆಯೇ ಕಾನೂನಿನ ರಕ್ಷಣೆ ಉಂಟೆಂದು ಹೇಳಿತು. ಅದು ಅವಧಿ ಮುಗಿದ ಹೆಸರಿನ ವ್ಯಾಜ್ಯವಲ್ಲ. ಆದರೂ ನಮಗೆ ಅದರಿಂದ ಎರಡು ಪಾಠಗಳಿವೆ: ಹೆಸರಿಗೆ ಖ್ಯಾತಿ ಗಳಿಸಿದವನಿಗೆ ರಕ್ಷಣೆಯುಂಟು, ಆದರೆ ಆ ಖ್ಯಾತಿಯನ್ನು ಸಾಕ್ಷಿ ಸಮೇತ ತೋರಿಸಲು ಮೂರು ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾದೀತು. ಕೆಲವು ನೂರು ರೂಪಾಯಿಗಳ ವಾರ್ಷಿಕ ಶುಲ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಸಂಘಗಳು ಕೈಕೊಳ್ಳಬೇಕಾದ ಕ್ರಮ

ಮೊದಲನೆಯದಾಗಿ, ಹೆಸರು ಸಂಘದ ಹೆಸರಿನಲ್ಲಿಯೇ ದಾಖಲಾಗಬೇಕು. ಸಂಪರ್ಕದ ಇ-ಮೇಲ್ ಬೇರೊಂದು ಸ್ವತಂತ್ರ ಸೇವೆಯದಾಗಿರಬೇಕು ಮತ್ತು ಕಾರ್ಯದರ್ಶಿ, ಅಧ್ಯಕ್ಷ ಇಬ್ಬರ ಕೈಗೂ ಸಿಗುವಂತಿರಬೇಕು. ಎರಡನೆಯದಾಗಿ, ಡೊಮೈನ್ ಹೆಸರನ್ನೂ ಅದರ ಅವಧಿಯ ತಾರೀಖನ್ನೂ ಆಸ್ತಿ ರಿಜಿಸ್ಟರಿನಲ್ಲಿ ಬರೆದು, ಅಧಿಕಾರ ಬದಲಾದಾಗ ತಿಜೋರಿಯ ಕೀಲಿಯೊಡನೆ ಇದನ್ನೂ ಒಪ್ಪಿಸಬೇಕು. ಮೂರನೆಯದಾಗಿ, ತಾರೀಖು ಯಾವುದೇ ಇರಲಿ, ಮಾರ್ಚ್ ಅಖೇರಿಯ ಲೆಕ್ಕ ಮುಗಿಸುವಾಗಲೇ ನವೀಕರಣದ ಹಣ ಕಟ್ಟಿಬಿಡಬೇಕು. ಮೊದಲೇ ಕಟ್ಟಿದರೆ ದಿನಗಳು ನಷ್ಟವಾಗುವುದಿಲ್ಲ, ಹೊಸ ವರ್ಷಗಳು ಹಳೆಯ ತಾರೀಖಿನ ಮುಂದಕ್ಕೆ ಕೂಡುತ್ತವೆ. ಕತಗಾಲ ಸೀಮೆಯಲ್ಲಿ ಆಷಾಢದ ಮಳೆಗೆ ವಿದ್ಯುತ್ತು, ನೆಟ್‌ವರ್ಕ್ ಎರಡೂ ಹೋಗಿ ಕೂರುವ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕುವ ಪ್ರಸಂಗ ಬರಬಾರದು.

ನಾಲ್ಕನೆಯದಾಗಿ, ನವೀಕರಿಸಿ ಎಂದು ಬರುವ ಪ್ರತಿಯೊಂದು ಪತ್ರವೂ ನಿಜವಲ್ಲ. ಬೇರೆ ಕಂಪನಿಗಳು ಬಿಲ್ಲಿನಂತೆ ಕಾಣುವ ಕಾಗದ ಕಳಿಸಿ ಹಣ ಸೆಳೆಯುವುದುಂಟು. ಪತ್ರದೊಳಗಿನ ಕೊಂಡಿಯನ್ನು ಒತ್ತದೆ, ನಾವೇ ರಿಜಿಸ್ಟ್ರಾರನ ತಾಣಕ್ಕೆ ಹೋಗಿ ಕಟ್ಟಬೇಕು. ಐದನೆಯದಾಗಿ, ಸಂಘದ ಹೆಸರು, ಗುರುತುಗಳನ್ನು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ ನೋಂದಾಯಿಸಿಕೊಂಡರೆ ಮುಂದೆ ವಿವಾದ ಬಂದಾಗ ಕೈಯಲ್ಲಿ ಆಧಾರವಿರುತ್ತದೆ. ಸಹಕಾರಿ ಸಂಸ್ಥೆಗಳಿಗೆಂದೇ ಮೀಸಲಾಗಿ 2002ರಿಂದ ಬಳಕೆಯಲ್ಲಿರುವ ಡಾಟ್ ಕೋಆಪ್ ಎಂಬ ಬಾಲವೂ ಇದೆ. ಶುಲ್ಕ ಹೆಚ್ಚಾದರೂ, ಅರ್ಹತೆಯ ನಿಬಂಧನೆ ಇರುವುದರಿಂದ ಕಂಡವರು ಬಂದು ಹಿಡಿಯುವುದು ಅಲ್ಲಿ ಸುಲಭವಲ್ಲ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಸುತ್ತೇವೆ. ಕಾಯಿ ಉದುರಲು ಹತ್ತಿದ ಮೇಲೆ ಕೊನೆಗೌಡನನ್ನು ಹುಡುಕಿ ಹೊರಡುವುದರಲ್ಲಿ ಅರ್ಥವಿಲ್ಲ. ಜಾಲತಾಣವುಳ್ಳ ಪ್ರತಿಯೊಂದು ಸಂಘವೂ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ತನ್ನ ಹೆಸರಿನ ದಾಖಲೆಯನ್ನು ತೆಗೆಸಿ ಓದಿ, ಹಿಡುವಳಿದಾರ ಯಾರು, ತಾರೀಖು ಯಾವುದು ಎಂಬುದನ್ನು ನಡಾವಳಿಯಲ್ಲಿ ಬರೆಸಬೇಕೆಂದು ವಿನಂತಿ. ಸ್ವಂತ ವ್ಯಾಪಾರದ ಜಾಲತಾಣವುಳ್ಳ ಸದಸ್ಯರೂ ಇದೇ ಕೆಲಸವನ್ನು ಮನೆಯಲ್ಲಿ ಮಾಡಿಕೊಳ್ಳುವುದು ಒಳ್ಳೆಯದು. ದಾಖಲೆ ತೆಗೆಯುವುದು ತಿಳಿಯದಿದ್ದವರು ಕಚೇರಿಯ ವೇಳೆಯಲ್ಲಿ ಸಂಘಕ್ಕೆ ಬಂದರೆ ತೆಗೆದು ತೋರಿಸಲಾಗುವುದು.