ಗೋ ಮನೆಗೆ ವೆಂಟ್ ದತ್ತು ಬಂದ ಕಥೆ

ಗೋ, ವೆಂಟ್, ಗಾನ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಬಾಯಿಪಾಠ. ಮೊದಲನೆಯದಕ್ಕೂ ಕೊನೆಯದಕ್ಕೂ ನಂಟಿದೆಯೆಂದು ಕಿವಿಗೇ ತಿಳಿಯುತ್ತದೆ. ನಡುವಿನ ವೆಂಟ್ ಎಲ್ಲಿಂದ ಬಂತು ಎಂದು ಕೇಳಿದರೆ ‘ಅದು ಹಾಗೇ ಕಣೋ, ಉರುಹೊಡಿ’ ಎನ್ನುತ್ತಾರೆ ಮೇಷ್ಟ್ರು. ಅವರದೇನೂ ತಪ್ಪಿಲ್ಲ. ವ್ಯಾಕರಣದ ಯಾವ ಸೂತ್ರ ಹಿಡಿದರೂ ಗೋದಿಂದ ವೆಂಟ್ ಹುಟ್ಟುವುದಿಲ್ಲ.

ವೆಂಟ್ ಹುಟ್ಟಿದ್ದು ವೆಂಡ್ ಎಂಬ ಬೇರೆಯೇ ಕ್ರಿಯಾಪದದ ಮನೆಯಲ್ಲಿ. ಸೆಂಡ್‌ಗೆ ಸೆಂಟ್, ಬೆಂಡ್‌ಗೆ ಬೆಂಟ್, ಸ್ಪೆಂಡ್‌ಗೆ ಸ್ಪೆಂಟ್ ಇರುವಂತೆ ವೆಂಡ್‌ಗೆ ವೆಂಟ್. ವೆಂಡ್ ಎಂದರೆ ಮೊದಲಿಗೆ ತಿರುಗು, ತಿರುಗಿಸು; ಆಮೇಲೆ ಹೊರಡು, ಸಾಗು ಎಂಬ ಅರ್ಥವೂ ಸೇರಿಕೊಂಡಿತು. ‘ಊರೂರು ತಿರುಗಿದ’ ಎನ್ನುವ ನಮಗೆ ಇದು ವಿಚಿತ್ರವೆನಿಸಬಾರದು.

ಹಾಗಾದರೆ ಗೋಗೆ ತನ್ನದೇ ಭೂತಕಾಲದ ರೂಪ ಇರಲಿಲ್ಲವೆ? ಇತ್ತು, ಆದರೆ ಅದೂ ಸ್ವಂತದ್ದಲ್ಲ. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ ‘ಹೋದ’ ಎನ್ನಲು ‘ಏಯೊಡೆ’ ಎನ್ನುತ್ತಿದ್ದರು. ಗೋ ಜೊತೆಗೆ ಅದಕ್ಕೆ ರಕ್ತಸಂಬಂಧವಿಲ್ಲ. ಇನ್ನೂ ಹಿಂದೆ, 4ನೇ ಶತಮಾನದಲ್ಲಿ ವುಲ್ಫಿಲ ಇಂಗ್ಲಿಷಿನ ದೂರದ ನೆಂಟ ಗೋಥಿಕ್ ಭಾಷೆಗೆ ತಂದ ಬೈಬಲಿನಲ್ಲೂ ಹೋಗುವುದು ‘ಗಂಗನ್’, ಹೋದದ್ದು ‘ಇಡ್ಯ’. ಅಂದರೆ ವೆಂಟ್ ಬರುವ ಮೊದಲೇ ಆ ಜಾಗದಲ್ಲಿ ಒಂದು ದತ್ತುಮಗು ಕೂತಿತ್ತು.

ಏಯೊಡೆ ಕಾಲಕ್ರಮದಲ್ಲಿ ಸವೆದು ಯೇಡ್, ಯೋಡ್ ಎಂದೆಲ್ಲ ಚೆದುರಿತು. 1400ರಲ್ಲಿ ತೀರಿಕೊಂಡ ಇಂಗ್ಲಿಷ್ ಕವಿ ಚಾಸರ್‌ನ ಬರಹದಲ್ಲಿ ಯೇಡ್ ಕೂಡ ಸಿಗುತ್ತದೆ, ವೆಂಟ್ ಕೂಡ. 15ನೇ ಶತಮಾನದ ವೇಳೆಗೆ ದಕ್ಷಿಣ ಇಂಗ್ಲೆಂಡಿನಲ್ಲಿ ವೆಂಟ್ ಗೆದ್ದಿತ್ತು. 1590ರ ‘ಫೇರಿ ಕ್ವೀನ್’ ಕಾವ್ಯದಲ್ಲಿ ಎಡ್ಮಂಡ್ ಸ್ಪೆನ್ಸರ್ ಯೇಡ್ ಅನ್ನು ‘ಹೋದ’ ಎಂಬರ್ಥದಲ್ಲಲ್ಲ, ‘ಹೋಗು’ ಎಂಬಂತೆ ಬಳಸುತ್ತಾನೆ. ಹಳೆಯ ಪದಗಳೆಂದರೆ ಪ್ರಾಣ ಬಿಡುತ್ತಿದ್ದ ಕವಿಗೇ ಅದರ ಕಾಲ ಮರೆತುಹೋಗಿತ್ತು! ಸ್ಕಾಟ್ಲೆಂಡಿನವರು ಮಾತ್ರ ಈ ತಂಟೆಗೇ ಹೋಗದೆ, ತಮ್ಮ ‘ಗೇ’ಗೆ ನೇರವಾಗಿ ಡಕಾರ ಹಚ್ಚಿ ‘ಗೇಡ್’ ಎಂದರು. ಅಲ್ಲಿನ ಕವಿ ರಾಬರ್ಟ್ ಬರ್ನ್ಸ್‌ನ ಕವಿತೆಗಳಲ್ಲಿ ಅದು ಇವತ್ತಿಗೂ ಇದೆ. ಇಂಗ್ಲಿಷ್ ಮನೆಯ ಪುಟ್ಟ ಮಕ್ಕಳು ‘ಗೋಡ್’ ಎನ್ನುವುದೂ ಇದೇ ಜಾಣತನ.

ಮಗನನ್ನು ಕಳೆದುಕೊಂಡ ವೆಂಡ್ ಏನಾಯಿತು? ‘ವೆಂಡೆಡ್’ ಎಂಬ ಹೊಸ ಭೂತರೂಪ ಕಟ್ಟಿಕೊಂಡು, ದಾರಿ ಹಿಡಿದು ಸಾಗು ಎಂಬರ್ಥದ ‘ವೆಂಡ್ ಒನ್ಸ್ ವೇ’ ಎಂಬ ಒಂದೇ ನುಡಿಗಟ್ಟಿನಲ್ಲಿ ಜೀವ ಹಿಡಿದುಕೊಂಡಿದೆ.

ಇಷ್ಟು ಎಡವಟ್ಟಾದ ಗೋ-ವೆಂಟ್ ಜೋಡಿ ಉಳಿದದ್ದು ಹೇಗೆ? ಬಳಕೆಯ ಬಲದಿಂದ. ಹಳೆ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳ ಜಾಡು ಹಿಡಿದ ಹಾರ್ವರ್ಡ್ ಸಂಶೋಧಕರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಂತೆ, ಅವುಗಳಲ್ಲಿ ಇಂದಿಗೂ ಅನಿಯತವಾಗಿರುವುದು 98. ನೂರು ಪಟ್ಟು ಕಡಿಮೆ ಬಳಕೆಯಾಗುವ ಕ್ರಿಯಾಪದ ಹತ್ತು ಪಟ್ಟು ಬೇಗ ಸಾಲಿಗೆ ಬರುತ್ತದಂತೆ. ದಿನಕ್ಕೆ ಹತ್ತಾರು ಸಲ ಬಾಯಿಗೆ ಬರುವ ವೆಂಟ್ ಅನ್ನು ಯಾರು ತಿದ್ದುತ್ತಾರೆ?

ಹೀಗೆ ರೂಪ ನಿಂತಲ್ಲೇ ನಿಂತಿತು, ಆದರೆ ಗೋದ ಅರ್ಥ ನಿಲ್ಲಲಿಲ್ಲ. ಏನೋ ಮಾಡಲು ಹೋಗುತ್ತಿದ್ದೇನೆ ಎಂಬ ‘ಗೋಯಿಂಗ್ ಟು’ವಿನಿಂದ ನಡಿಗೆ ಕಳಚಿ ಬರೀ ಉದ್ದೇಶ ಉಳಿಯಿತು. 1646ರಲ್ಲಿ ಜೋಶುವಾ ಪೂಲ್ ತನ್ನ ವ್ಯಾಕರಣ ಪುಸ್ತಕದಲ್ಲಿ ಅದನ್ನು ಮುಂದಾಗಲಿರುವುದರ ಗುರುತೆಂದೇ ದಾಖಲಿಸಿದ. ಈಗ ಅದು ಬಾಯಲ್ಲಿ ‘ಗೊನ್ನ’. ಹೀಗೆ ಮೊಟಕಾಗುವುದು ಕಾಲ ಹೇಳುವ ಗೋಯಿಂಗ್ ಟು ಮಾತ್ರ. ‘ಐಯಾಮ್ ಗೊನ್ನ ಸ್ಲೀಪ್’ ಎನ್ನಬಹುದು. ಮೈಸೂರಿಗೆ ಹೊರಟವರು ‘ಐಯಾಮ್ ಗೊನ್ನ ಮೈಸೂರು’ ಎನ್ನುವಂತಿಲ್ಲ.