ನಿಮಗಿದು ಗೊತ್ತೆ? ಕೊಹ್ಲಿಯನ್ನು ದೆಹಲಿ ಕೈಬಿಟ್ಟಿತ್ತು!

2008ರ ಮೊದಲ ಐಪಿಎಲ್‌ಗೆ 19 ವರ್ಷದೊಳಗಿನ ಆಟಗಾರರನ್ನು ಹರಾಜು ಹಾಕಿರಲಿಲ್ಲ. ತಂಡಗಳು ಸರದಿಯಂತೆ ಆರಿಸಿಕೊಂಡವು. ದೆಹಲಿ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ಗೆ ಮಣೆ ಹಾಕಿತು. ಸೆಹ್ವಾಗ್, ಗಂಭೀರ್ ಇದ್ದ ತಂಡಕ್ಕೆ ಬೌಲರ್ ಬೇಕೆನಿಸಿದ್ದು ಸಹಜವೇ. ಬೆಂಗಳೂರಿನ ಆರ್‌ಸಿಬಿ ಪಾಲಾದ ಕೊಹ್ಲಿ ಮೊದಲ ವರ್ಷ ಗಳಿಸಿದ್ದು 165 ರನ್ ಮಾತ್ರ, 2016ರಲ್ಲಿ 973! ಆಯ್ಕೆಯ ದಿನದ ಹಿಗ್ಗಾಗಲಿ ಸಿಟ್ಟಾಗಲಿ ಆಟಗಾರನ ಬೆಲೆ ಅಳೆಯುವ ತಕ್ಕಡಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

‘ನಮ್ಮ ಹುಡುಗನನ್ನು ಬಿಟ್ಟರೆ ಸಿಟ್ಟು ಬಾರದೆ?’ ಎಂಬ ಆಕ್ಷೇಪ ನ್ಯಾಯವೇ. ಮಂಗಳೂರಿನ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2024ರ ನವೆಂಬರ್ ಹರಾಜಿನಲ್ಲಿ 14 ಕೋಟಿ ರೂಪಾಯಿಗೆ ದೆಹಲಿಯ ಪಾಲಾದರು, ಆರ್‌ಸಿಬಿ ಬದಲಿಗೆ 11.50 ಕೋಟಿಗೆ ಇಂಗ್ಲೆಂಡಿನ ಫಿಲ್ ಸಾಲ್ಟ್‌ರನ್ನು ಕೊಂಡಿತು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಅಂಗಳದಲ್ಲೇ ರಾಹುಲ್ ಅಜೇಯ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದಾಗ ಸಿಟ್ಟೇ ಸರಿ ಎನಿಸಿತು. ಆದರೆ ಜೂನ್ 3ರಂದು ಆರ್‌ಸಿಬಿ ಮೊದಲ ಬಾರಿ ಕಪ್ ಎತ್ತಿದ್ದು ಅವರಿಲ್ಲದೆಯೇ. ರಾಹುಲ್ ಚಿಕ್ಕವರಾಗಲಿಲ್ಲ, ತಂಡದ ಲೆಕ್ಕವೂ ತಪ್ಪಲಿಲ್ಲ. ಅಭಿಮಾನಿಯ ಸಿಟ್ಟು ಹೇಳುವುದು ಊರಿನ ನಂಟನ್ನು. ಆಯ್ಕೆಯ ತಪ್ಪು ಒಪ್ಪು ಹೇಳಬೇಕಾದದ್ದು ಕಾಲ.