ಬೀದರ್–ಚಾಮರಾಜನಗರ: ಆಕಾಶದಲ್ಲಿ ಎಷ್ಟು ದೂರ?

‘ಬೀದರ್‌ನಿಂದ ಚಾಮರಾಜನಗರದವರೆಗೆ’ ಎನ್ನದೆ ನಮ್ಮಲ್ಲಿ ಚುನಾವಣಾ ಭಾಷಣ ಮುಗಿಯುವುದಿಲ್ಲ. ಇಡೀ ಕರ್ನಾಟಕಕ್ಕೆ ಅದು ಇನ್ನೊಂದು ಹೆಸರು. ಈ ತುದಿಯಿಂದ ಆ ತುದಿಗೆ ನಿಜಕ್ಕೂ ಹೊರಟವರಿಗೆ ಮಾತ್ರ ದಾರಿ ಅಷ್ಟು ಸಲೀಸಲ್ಲ.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಿಂದ ಒಬ್ಬರು ಬೀದರ್‌ಗೆ ಹೊರಟರು ಎಂದಿಟ್ಟುಕೊಳ್ಳಿ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ರಾಜ್ಯದೊಳಗೆ ಹತ್ತಿರದ್ದೆಂದರೆ ಮೈಸೂರಿನ ಮಂಡಕಳ್ಳಿ. ಅಲ್ಲಿಂದ ಬೀದರ್ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 635 ಕಿ.ಮೀ. ಪೈಲಟ್‌ಗಳ ಲೆಕ್ಕದಲ್ಲಿ 343 ನಾಟಿಕಲ್ ಮೈಲಿ. ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದ ಎಟಿಆರ್-72 ವಿಮಾನಕ್ಕೆ ಇದು ಒಂದೂಕಾಲು ಗಂಟೆಯ ದಾರಿ.

ಟಿಕೆಟ್‌ನಲ್ಲಿ ಅಚ್ಚಾಗುವ ಹೊತ್ತು ಇದಲ್ಲ. ಚಕ್ರಕ್ಕೆ ಕೊಟ್ಟ ಅಡೆ ತೆಗೆದು ವಿಮಾನ ಕದಲಿದಾಗಿನಿಂದ, ಇಳಿದ ಊರಲ್ಲಿ ಮತ್ತೆ ಅಡೆ ಕೊಡುವವರೆಗಿನದು ‘ಬ್ಲಾಕ್ ಟೈಮ್’. ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರಲ್ಲೇ ಸೇರಿರುತ್ತವೆ. ದಾರಿ ಚಿಕ್ಕದಾದಷ್ಟೂ ಈ ಮೇಲುಖರ್ಚು ಎದ್ದು ಕಾಣುತ್ತದೆ. ಮಂಡಕಳ್ಳಿಯಿಂದ ದೇವನಹಳ್ಳಿ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 156 ಕಿ.ಮೀ. ಪೂರ್ತಿ ವೇಗದಲ್ಲಿ ಹಾರಿದರೆ ಹತ್ತೊಂಬತ್ತೇ ನಿಮಿಷ, ವೇಳಾಪಟ್ಟಿಗೆ ಬಂದಾಗ ಅದರ ಎರಡು ಪಟ್ಟಿಗೂ ಮಿಕ್ಕು.

ಹಾಗೆಂದು ಸಣ್ಣ ದಾರಿಯ ವಿಮಾನವೇ ಬೇಡವೆನ್ನಲಾಗದು. ಸ್ಕಾಟ್ಲೆಂಡ್‌ನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ 1967ರಿಂದ ವಿಮಾನ ಓಡಾಡುತ್ತಿದೆ. ದೂರ 2.7 ಕಿ.ಮೀ., ಹಾರಾಟ ಎರಡು ನಿಮಿಷದೊಳಗೆ. ಚಂದಕವಾಡಿಯ ಬಸ್ಸಿನಲ್ಲಿ ಅಷ್ಟು ಹೊತ್ತಿಗೆ ಕಂಡಕ್ಟರ್ ಎರಡನೇ ಸೀಟಿಗೂ ಬಂದಿರುವುದಿಲ್ಲ. ಅಲ್ಲಿ ನಡುವೆ ಸಮುದ್ರವಿದೆ. ಇಲ್ಲಿ ಮೈಸೂರು–ಬೆಂಗಳೂರು ನಡುವೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥವಿದೆ.

ಮಂಡಕಳ್ಳಿ ನಿಲ್ದಾಣ ಹೊಸ ರೂಪದಲ್ಲಿ ತೆರೆದದ್ದು 2010ರಲ್ಲಿ. ಆ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು, ಮರುವರ್ಷವೇ ಹೋಯಿತು. ಆಮೇಲೂ ಕಂಪನಿಗಳು ಬಂದಿವೆ, ಹೋಗಿವೆ. ರನ್‌ವೇ ಉದ್ದ 1,740 ಮೀಟರ್. ಎಟಿಆರ್‌ಗೆ ಸಾಕು, ಏರ್‌ಬಸ್‌ಗೆ ಸಾಲದು. 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ರನ್‌ವೇ 3,200 ಮೀಟರ್. ಮಂಡಕಳ್ಳಿಯದನ್ನು 2,750 ಮೀಟರ್‌ಗೆ ಹಿಗ್ಗಿಸುವ ಮಾತು ವರ್ಷಗಳಿಂದ ನಡೆದಿದೆ. ಅಡ್ಡ ಬರುವುದು ನಂಜನಗೂಡು–ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿ, ಜೊತೆಗೆ ರೈಲು ಹಳಿ. ಆ ಹಳಿ ಬೇರೆ ಯಾವುದೂ ಅಲ್ಲ, ಮೈಸೂರು–ಚಾಮರಾಜನಗರ ಮಾರ್ಗವೇ!

ಆ ತುದಿಯ ಕಥೆಯೂ ಬೇರೆಯಿಲ್ಲ. ಬೀದರ್‌ನ ವಾಯುಪಡೆ ನೆಲೆಯಲ್ಲಿ 2020ರ ಫೆಬ್ರುವರಿ 7ರಂದು ನಾಗರಿಕ ವಿಮಾನ ಶುರುವಾಯಿತು. ಅಲ್ಲೂ ಸೇವೆ ನಿಂತು ನಿಂತು ನಡೆದಿದೆ. ಹಾರುವುದಾದರೆ ಬೆಂಗಳೂರಿನ ಮೂಲಕವೇ. ಇಲ್ಲವೆಂದರೆ ಹೈದರಾಬಾದ್‌ನಲ್ಲಿ ಇಳಿದು ಉಳಿದದ್ದನ್ನು ರಸ್ತೆಯಲ್ಲಿ ಮುಗಿಸಬೇಕು.

ಒಂದೂಕಾಲು ಗಂಟೆಯ ಆಕಾಶ ಹೀಗೆ ಇಡೀ ದಿನವನ್ನು ನುಂಗುತ್ತದೆ. ಚಂದಕವಾಡಿಯವರು ಟಿಕೆಟ್ ಕಾಯ್ದಿರಿಸುವ ಮೊದಲು ಹಾರಾಟದ ಹೊತ್ತನ್ನಲ್ಲ, ಊರಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.